ಮೂರು ಚುಕ್ಕೆ, ಒಂದು ಅಡ್ಡಗೆರೆ

ಬೆಳಕು ಹರಿಯುವ ಮೊದಲು ಲಾಂಡ್ರಿಯಕ್ಕನ ಕೆಲಸಗಳು ಇವು: ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಒದ್ದೆ ಬಟ್ಟೆ ಬದಲಿಸುವುದು, ಒಲೆ ಹೊತ್ತಿಸಿ, ಸೋಡಾ ಕಲಸಿದ ಬಿಸಿನೀರಿಗೆ ಬಿಳಿ ಬಟ್ಟೆ ಅದ್ದುವುದು, ನಿನ್ನೆ ಒಣಗಿದ್ದಕ್ಕೆ ನೀರು ಚಿಮುಕಿಸಿ ಸುತ್ತಿಡುವುದು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುವುದು, ಹೊಸ ಬಟ್ಟೆ ಬಂದಿದ್ದರೆ ಕಾಲರಿನ ಒಳಗೆ ಆಯಾ ಮನೆಯ ಗುರುತು ಹಾಕುವುದು, ಗಂಡನಿಗೆ ಟೀ. ಆತ ಟೀ ಕುಡಿದು ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕೂತನೆಂದರೆ ಲಾಂಡ್ರಿ ತೆರೆಯಿತು ಎಂದರ್ಥ. ಬೀದಿಯವರು ಅವನನ್ನು ಯಜಮಾನ್ರು ಅನ್ನುತ್ತಿದ್ದರು. ಅಕ್ಕನಿಗೆ ಅದರಲ್ಲಿ ತಕರಾರಿರಲಿಲ್ಲ. ಕುರ್ಚಿ ಕಾಯಲಿಕ್ಕೂ ಒಬ್ಬರು ಬೇಕಲ್ಲ.

ಗುರುತು ಹಾಕುವುದು ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಒಂದು ಕಡ್ಡಿ, ಎಷ್ಟು ತೊಳೆದರೂ ಹೋಗದ ಕಪ್ಪು ಮಸಿ. ಒಂದು ಮನೆಗೆ ಕತ್ತರಿ, ಇನ್ನೊಂದಕ್ಕೆ ಅರ್ಧಚಂದ್ರ. ಹೀಗೆ ಬರೆಯಬಹುದಾದ ಗುರುತುಗಳು ಎಷ್ಟು ತಾನೆ ಇದ್ದಾವು? ಅದಕ್ಕೇ ಅತ್ತೆ ಒಂದು ಪದ್ಧತಿ ಮಾಡಿಕೊಂಡಿದ್ದಳು: ಹೋದವರ ಗುರುತು ಬಂದವರಿಗೆ. ಊರು ಬಿಟ್ಟವರ ಗುರುತನ್ನು ಹೊಸದಾಗಿ ಬಂದ ಮನೆಗೆ ಕೊಟ್ಟರಾಯಿತು. ಹಾಗೆ ಮೂರು ಚುಕ್ಕೆ, ಕೆಳಗೊಂದು ಅಡ್ಡಗೆರೆ, ಬೀದಿಯ ಕೊನೆಯ ಟೀಚರಮ್ಮನ ಮನೆಗೆ ಸಿಕ್ಕಿತ್ತು. ಟೀಚರಮ್ಮನ ಗಂಡ ಮನೆಯಲ್ಲೇ ಕೂತು ವಾಚು ರಿಪೇರಿ ಮಾಡುತ್ತಿದ್ದರು.

ಯುದ್ಧ ನಡೆಯುತ್ತಿತ್ತು. ಸೇತುವೆ ಉಡಾಯಿಸಿದವನೊಬ್ಬನಿಗಾಗಿ ಗುಪ್ತಚರದವರು ಊರೂರು ಜಾಲಾಡುತ್ತಿದ್ದರು. ಅವನ ಮುಖ ಕಂಡವರಿಲ್ಲ. ಓಡಿಹೋದ ಜಾಗದಲ್ಲಿ ಸಿಕ್ಕಿದ್ದು ಒಂದೇ ಒಂದು ಅಂಗಿ. ಅದನ್ನು ಹಿಡಿದು ಬಂದ ಅಧಿಕಾರಿ ಇಸ್ತ್ರಿ ಮೇಜಿನ ಮೇಲೆ ಹರವಿದ. ಯಜಮಾನ್ರು ಕಾಲರನ್ನು ಹಿಂದೆ ಮುಂದೆ ತಿರುವಿ, ಕೆಮ್ಮಿ, ಕೊನೆಗೆ ಒಳಗೆ ಕೂಗಿದರು. "ಲೇ, ಬಾ ಇಲ್ಲಿ!"

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಅಧಿಕಾರಿ ಸ್ಟೂಲು ಎಳೆದು ಹಾಕಿದ. "ಕೂತ್ಕೊಳಿ ಅಮ್ಮ. ಇದನ್ನ ಹೇಳೋಕೆ ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?"

ಮದುವೆಯಾಗಿ ಬಂದ ಮೇಲೆ ಆ ಅಂಗಡಿಯಲ್ಲಿ ಯಾರೂ ಅವಳಿಗೆ ಕೂತ್ಕೋ ಅಂದಿರಲಿಲ್ಲ. ಅವಳು ಕೂತಳು. ಆ ಕೂತ ಖುಷಿಯಲ್ಲೇ ಹೇಳಿಬಿಟ್ಟಳು, "ಅಯ್ಯೋ, ಇದು ನಮ್ಮ ಟೀಚರಮ್ಮನ ಮನೇದು."

ಮರುದಿನ ನಸುಕಿಗೆ ಆ ಮನೆಯ ಬಾಗಿಲು ಬಡಿದರು. ವಾಚಿನವರು ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್ ಸಮೇತ ಬಾಗಿಲು ತೆರೆದರು. ಹೊರಗಿದ್ದವರಿಗೆ ಅದು ಬೇರೇನೋ ಆಗಿ ಕಂಡಿತು. ಗುಂಡು ಹಾರಿತು. ಅವರು ಹೊಸ್ತಿಲಲ್ಲೇ ಹೋದರು.

ಸದ್ದು ಕೇಳಿದಾಗ ಅಕ್ಕ ಅತ್ತೆಯ ಬಟ್ಟೆ ಬದಲಿಸುತ್ತಿದ್ದಳು. ಹಿಂದಿನ ದಿನ ನಡೆದದ್ದನ್ನೆಲ್ಲ ಹೇಳಿದಳು. ಮುದುಕಿಯ ಕಾಲು ಹೋಗಿತ್ತೇ ಹೊರತು ತಲೆ ಹೋಗಿರಲಿಲ್ಲ.

"ಮಸಿ ಕಪ್ಪಗಿತ್ತಾ, ಕಂದಿತ್ತಾ?"

"ಕಂದಿತ್ತು ಅತ್ತೆ."

"ಹಾಗಾದ್ರೆ ಹಳೇ ಗುರುತು. ಟೀಚರಮ್ಮ ಬರೋಕೆ ಮುಂಚೆ ಅದು ಯಾರ್ದಾಗಿತ್ತು, ಹೇಳು?"

ಅಕ್ಕನ ಕೈ ನಿಂತಿತು. ಔಷಧದ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದ ಒಂಟಿ ಗಂಡಸು. ತಗ್ಗಿದ ದನಿ, ತಲೆ ಎತ್ತದ ನಡಿಗೆ. ಯುದ್ಧಕ್ಕೆ ಮೊದಲೇ ಕೋಣೆ ಖಾಲಿ ಮಾಡಿದ್ದ. ಅವನ ಗುರುತನ್ನು ಟೀಚರಮ್ಮನಿಗೆ ಕೊಟ್ಟಿದ್ದು ತಾನೇ, ಇದೇ ಕೈಯಿಂದ.

"ಹೋಗಿ ಹೇಳ್ಬಿಡ್ತೀನಿ ಅತ್ತೆ."

"ಹೇಳಿ? ಸತ್ತೋನು ಎದ್ದು ಬರ್ತಾನಾ? ಬಂದೂಕು ಹಿಡಿದೋರು ತಪ್ಪು ಒಪ್ಕೋತಾರಾ? ಅವರ ತಪ್ಪನ್ನೂ ನಿನ್ನ ತಲೆ ಮೇಲೆ ಹೊರಿಸಿ, ಒಗಿ ಅಂತಾರೆ. ಬಾಯಿಗೆ ಬೀಗ ಹಾಕ್ಕೊಂಡು ಒಲೆ ನೋಡು."

ಅವಳು ಒಲೆ ನೋಡಿದಳು.

ಆ ಮನುಷ್ಯ ಕೊನೆಗೆ ಬೇರೆ ಊರಲ್ಲಿ ಸಿಕ್ಕಿಬಿದ್ದ. ಆದರೂ ಟೀಚರಮ್ಮನ ಮನೆಗೆ ಅಂಟಿದ ಮಾತು ಬಿಡಲಿಲ್ಲ: ಅಲ್ಲೇ ಅಡಗಿದ್ದನಂತೆ, ಹಿಂದಿನ ಬಾಗಿಲಿಂದ ಜಾರಿಕೊಂಡನಂತೆ. ಟೀಚರಮ್ಮನ ಕೆಲಸ ಹೋಯಿತು. ದಿನಸಿ ಅಂಗಡಿಯವನು ಅವರನ್ನು ಕಂಡರೆ ತಕ್ಕಡಿ ಒರೆಸುತ್ತ ನಿಲ್ಲುತ್ತಿದ್ದ. ಹಿತ್ತಿಲ ಬಾಗಿಲಿಗೆ ಹೋಗಿ ಬಟ್ಟೆ ಗಂಟು ತರುತ್ತಿದ್ದವಳು ಅಕ್ಕ ಒಬ್ಬಳೇ.

"ನೀನೊಬ್ಬಳು ಬರ್ತೀಯಲ್ಲಮ್ಮ," ಅನ್ನುತ್ತಿದ್ದರು ಟೀಚರಮ್ಮ. "ನಿನ್ನ ಹೊಟ್ಟೆ ತಣ್ಣಗಿರಲಿ."

ಆ ಹರಕೆ ಅಕ್ಕನಿಗೆ ಕಾದ ಇಸ್ತ್ರಿ ಪೆಟ್ಟಿಗೆ ಮುಟ್ಟಿದಂತಾಗುತ್ತಿತ್ತು. ಇವತ್ತು ಹೇಳಿಬಿಡಬೇಕು ಎಂದುಕೊಂಡು ಹೋದವಳು "ಗಂಜಿ ಸ್ವಲ್ಪ ಜಾಸ್ತಿ ಆಯ್ತಾ ಟೀಚರಮ್ಮ?" ಎಂದು ಕೇಳಿ ವಾಪಸಾಗುತ್ತಿದ್ದಳು. ಹಾಗೇ ಯುದ್ಧ ಮುಗಿಯಿತು, ಅತ್ತೆ ತೀರಿಕೊಂಡಳು, ಇಬ್ಬರ ತಲೆಯೂ ಬೆಳ್ಳಗಾಯಿತು.

ಈಗ ಸಿನಿಮಾದವರು ಬಂದಿದ್ದರು. ಉಡುಪಿನ ವಿಭಾಗದ ಹುಡುಗಿ ಒಂದು ಹಳೇ ಮಾದರಿಯ ಅಂಗಿ ತಂದು ಮೇಜಿನ ಮೇಲಿಟ್ಟಳು.

"ಅಕ್ಕಾ, ಸೇತುವೆ ಉಡಾಯಿಸಿದವನ ಬೇಟೆಯ ಕಥೇನೇ ಸಿನಿಮಾ. ಎಲ್ಲಾ ನಡೆದದ್ದು ನಡೆದ ಹಾಗೇ! ಆ ಗುರುತು ನೀವೇ ಹಾಕ್ಕೊಡಿ. ಕ್ಯಾಮೆರಾ ಇಷ್ಟು ಹತ್ತಿರ ಬರುತ್ತೆ."

"ಸಿನಿಮಾದಲ್ಲಿ ಅದನ್ನ ಗುರುತು ಹಿಡಿಯೋದು ಯಾರಮ್ಮ?"

"ನಿಮ್ಮ ಯಜಮಾನ್ರು! ದೊಡ್ಡ ನಟರೇ ಮಾಡ್ತಿದ್ದಾರೆ. ಕಾಲರ್ ಮುಟ್ಟಿದ ತಕ್ಷಣ ಹೇಳಿಬಿಡ್ತಾರೆ."

ಕುರ್ಚಿಯಲ್ಲಿದ್ದ ಯಜಮಾನ್ರು ಮೀಸೆ ಸವರಿಕೊಂಡರು.

"ತಮ್ಮ ಬನಿಯನ್ ಯಾವುದು ಅಂತ ಗೊತ್ತಾಗಲ್ಲ ಇವರಿಗೆ," ಎಂದಳು ಅಕ್ಕ. "ಮತ್ತೆ ನಾನು?"

"ನೀವು ಟೀ ತಂದುಕೊಡ್ತೀರಿ."

"ಟೀಚರಮ್ಮ?"

"ಅವರೇ ಅಲ್ವಾ ಅಕ್ಕಾ ವಿಲನ್ನು! ಅಡುಗೆಮನೇಲಿ ಅವನನ್ನ ಕೂರಿಸ್ಕೊಂಡು ಊಟ ಬಡಿಸೋ ಸೀನ್ ಇದೆ. ಎದೆ ಝಲ್ ಅನ್ನುತ್ತೆ ನೋಡಿ." ಹುಡುಗಿ ಉಳಿದ ಬಟ್ಟೆ ತರಲು ವ್ಯಾನಿನ ಕಡೆ ಓಡಿದಳು. ಯಜಮಾನ್ರು ತಮ್ಮ ಪಾತ್ರದ ಸುದ್ದಿ ಹೇಳಲು ಪಕ್ಕದಂಗಡಿಗೆ ಹೋದರು.

ಅಕ್ಕ ಮಸಿಯಲ್ಲಿ ಕಡ್ಡಿ ಅದ್ದಿದಳು. ಮೂರು ಚುಕ್ಕೆ, ಒಂದು ಗೆರೆ, ಅಷ್ಟೇ. ಗುರುತು ಹಿಡಿದದ್ದು ಅವಳಲ್ಲ ಎಂದು ಪರದೆಯ ಮೇಲೆ ಊರೆಲ್ಲ ನೋಡುತ್ತದೆ. ಹೇಳಿದವರು ಬೇರೆ, ಅವಳದ್ದು ಬರೀ ಟೀ. ಜೀವಮಾನವಿಡೀ ಅವಳ ಕೆಲಸವನ್ನು ಗಂಡನ ಲೆಕ್ಕಕ್ಕೆ ಬರೆದ ಬೀದಿ, ಈಗ ಅವಳ ತಪ್ಪನ್ನೂ ಅವನ ಲೆಕ್ಕಕ್ಕೆ ಬರೆಯಲು ಸಿದ್ಧವಿತ್ತು. ಇಷ್ಟು ಸಲೀಸಾಗಿ ಯಾವ ಕಲೆಯೂ ಹೋಗಿದ್ದನ್ನು ಅವಳು ಕಂಡಿರಲಿಲ್ಲ. ಆದರೆ ಟೀಚರಮ್ಮನ ಮನೆಯ ಕಲೆ ಇನ್ನು ಎಂದಿಗೂ ಹೋಗುವುದಿಲ್ಲ.

ಕಡ್ಡಿಯ ತುದಿಯ ಮಸಿ ಹನಿಗಟ್ಟಿತು. ಅವಳು ಅದನ್ನು ಬಾಟಲಿಯ ಅಂಚಿಗೆ ಒರೆಸಿ ಮುಚ್ಚಳ ಬಿಗಿದಳು. ಗುರುತಿಲ್ಲದ ಅಂಗಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿದಳು.

ಟೀಚರಮ್ಮನ ಮನೆಯ ಹತ್ತಿರ ಕಾಲು ತನ್ನಷ್ಟಕ್ಕೆ ಹಿತ್ತಿಲ ಕಡೆ ತಿರುಗಿತು. ಅವಳು ಅದನ್ನು ತಡೆದಳು. ಸುತ್ತಿ ಮುಂಬಾಗಿಲಿಗೆ ಬಂದಳು. ಆ ಹೊಸ್ತಿಲ ಎದುರು ಅವಳು ನಿಂತದ್ದು ಅದೇ ಮೊದಲು. ಕದದಲ್ಲಿ ಗುಂಡು ತೂರಿದ ಕಡೆ ಮೇಣ ತುಂಬಿ ಬಣ್ಣ ಬಳಿದಿದ್ದರು. ಅದರ ಪಕ್ಕದಲ್ಲೇ ಬೆರಳ ಗೆಣ್ಣಿನಿಂದ ಬಡಿದಳು.