ಮರಿಯ ಬೇಸಿಗೆ

ನನ್ನ ತಮ್ಮ ಹೋದ ಮೇಲೆ ಅವನ ನಾಯಿ ನಮಗೆ ಉಳಿಯಿತು. ಚೆನ್ನೈನ ಮೈಲಾಪೂರಿನ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಅಮ್ಮ, ತಮ್ಮ, ನಾನು, ಮೂವರೇ ಇದ್ದೆವು. ನಾನು ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಅದೇಕೆ ಎಂದು ಕೇಳುವವರೆಲ್ಲ ಕೇಳಿ ಸುಸ್ತಾಗಿ ಬಿಟ್ಟಿದ್ದ ಕಾಲಕ್ಕೆ ಅವನು ಒಂದು ಸಂಜೆ ಟವೆಲ್ಲಿನಲ್ಲಿ ಸುತ್ತಿದ ನಾಯಿಮರಿಯನ್ನು ಎದೆಗವಚಿಕೊಂಡು ಬಂದ. ಪಗ್ ಜಾತಿಯದು. ಮುಖವನ್ನು ಯಾರೋ ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿದ ಹಾಗಿತ್ತು. ಊರು ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ಕೊಟ್ಟರು ಅಂದ.

ಅಮ್ಮನದು ಮಡಿಯ ಮನೆ. ನಾಯಿ ಹಾಲ್ ದಾಟಿ ಒಳಗೆ ಬರಕೂಡದು ಎಂದು ಅವತ್ತೇ ಹೇಳಿಬಿಟ್ಟಳು. ಅದೂ ಕಲಿಯಿತು. ಅಡುಗೆಮನೆಯ ಹೊಸ್ತಿಲಿನ ಆಚೆಗೆ ಮುಂಗಾಲು ಮಡಚಿ ಮಲಗಿ, ಅಮ್ಮ ಒಗ್ಗರಣೆ ಹಾಕುವುದನ್ನು ನೋಡುತ್ತಿತ್ತು. ತಮ್ಮ ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದ. ಅಮ್ಮನ ನಾಲಿಗೆಗೆ ಅದು ಹತ್ತಲೇ ಇಲ್ಲ. ಮರಿ ಎಂದು ಕರೆದಳು, ಅದು ಮುದಿಯಾದ ಮೇಲೂ ಮರಿಯೇ.

ತಮ್ಮ ಒಂದು ದಿನ ಬೆಳಿಗ್ಗೆ ಬ್ಯಾಂಕಿಗೆ ಹೊರಟವನು ಎದೆ ಹಿಡಿದುಕೊಂಡು ಬಸ್ ನಿಲ್ದಾಣದಲ್ಲಿ ಕುಸಿದ. ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ಒಬ್ಬರನ್ನೇ ಒಳಗೆ ಬಿಡುತ್ತಿದ್ದರು, ಅದೂ ಸ್ವಲ್ಪ ಹೊತ್ತು. ಡಾಕ್ಟರ ಹತ್ತಿರ ಮಾತಾಡಬೇಕಾದವಳು ನಾನಾದ್ದರಿಂದ ನಾನೇ ಹೋಗಿ ಬರುತ್ತಿದ್ದೆ. ಅಮ್ಮ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ನಾಳೆ ಬಿಡ್ತಾರೆ, ನಾಳೆ ಬಿಡ್ತಾರೆ ಎಂದು ನಾನು ಹೇಳುತ್ತಲೇ ಇದ್ದೆ. ಕೊನೆಗೆ ಅವಳನ್ನು ಒಳಗೆ ಬಿಟ್ಟಾಗ ಅವನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಆಮೇಲೆ ಬಹಳ ಕಾಲ ಮರಿ ಸಂಜೆಯಾದರೆ ಬಾಗಿಲ ಬಳಿ ಹೋಗಿ ಕೂರುತ್ತಿತ್ತು. ಮೆಟ್ಟಿಲಲ್ಲಿ ಯಾರ ಹೆಜ್ಜೆ ಕೇಳಿದರೂ ಬಾಲ ಅಲ್ಲಾಡಿಸಿ, ಹೆಜ್ಜೆ ಬೇರೆ ಮನೆಯ ಮುಂದೆ ನಿಂತಾಗ ಮತ್ತೆ ತಲೆ ಇಳಿಸುತ್ತಿತ್ತು. ಅಮ್ಮ ಅದನ್ನು ನೋಡಲಾರದೆ ಒಂದು ಸಂಜೆ ಹತ್ತಿರ ಹೋಗಿ ಕೂತು ಅದರ ತಲೆ ಸವರಿದಳು. ಎದ್ದು ಹೋಗಿ ಸ್ನಾನ ಮಾಡಿದಳು. ಮರುದಿನವೂ ಸವರಿದಳು, ಮತ್ತೆ ಸ್ನಾನ. ಹೀಗೇ ನಡೆಯಿತು. ಆಮೇಲೊಂದು ದಿನ ಸವರಿದವಳು ಹಾಗೇ ಎದ್ದು ಹೋಗಿ ಸಾರಿಗೆ ಬೇಳೆ ಇಟ್ಟಳು. ಮರಿ ಅವಳ ಮಂಚದ ಕೆಳಗೆ ಮಲಗತೊಡಗಿತು.

ಚೆನ್ನೈನಲ್ಲಿ ಮೇಲಿನ ಮಹಡಿಯಲ್ಲಿ ಇರುವವರಿಗೆ ಬೇಸಿಗೆಯ ಬಗ್ಗೆ ಹೇಳಬೇಕಾಗಿಲ್ಲ. ತಾರಸಿ ಹಗಲೆಲ್ಲ ಕಾದು ಸಂಜೆ ನಮ್ಮ ತಲೆಯ ಮೇಲೆ ಬಿಸಿ ಇಳಿಸುತ್ತದೆ. ಮೊದಲೂ ಸೆಖೆ ಇತ್ತು, ನಾನು ಇಲ್ಲೇ ಹುಟ್ಟಿ ಬೆಳೆದವಳು, ಗೊತ್ತಿದೆ. ಆದರೆ ಮೊದಲು ಮಧ್ಯಾಹ್ನದ ಊಟದ ಹೊತ್ತಿಗೆ ಕಡಲ ಗಾಳಿ ಬಂದುಬಿಡುತ್ತಿತ್ತು. ಕಿಟಕಿಯ ಪರದೆ ಒಮ್ಮೆ ಉಬ್ಬಿತು ಅಂದರೆ ಇನ್ನು ಬದುಕಿದೆವು ಎಂದು ಅರ್ಥ. ಈಗ ಕೆಲವು ದಿನ ಸಂಜೆಯವರೆಗೂ ಬರುವುದಿಲ್ಲ, ಕೆಲವು ದಿನ ಬರುವುದೇ ಇಲ್ಲ.

ಮನುಷ್ಯರಾದರೆ ಬೆವರುತ್ತೇವೆ. ನಾಯಿಗೆ ಅದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಮೂಗೇ ಇಲ್ಲದ ಈ ಜಾತಿಗೆ ಅದೂ ಸರಿಯಾಗಿ ಬಾರದು ಎಂದು ಪ್ರಾಣಿ ವೈದ್ಯೆ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ಉಸಿರಿನ ಗೊರಗೊರ ಎಂದಿಗಿಂತ ಜೋರಾದರೆ, ಜೊಲ್ಲು ಅಂಟಂಟಾದರೆ, ಒಸಡು ಕಡುಗೆಂಪಾದರೆ ತಡಮಾಡಬೇಡಿ, ಹೊಟ್ಟೆಗೂ ಪಾದಗಳಿಗೂ ನೀರು ಹಾಕಿ ಗಾಳಿ ಬೀಸಿ, ಐಸ್ ನೀರು ಸುರಿಯಬೇಡಿ, ಬೇಗ ಇಲ್ಲಿಗೆ ತನ್ನಿ ಅಂದಿದ್ದರು. ನಾನು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಅಮ್ಮನಿಗೂ ಹೇಳಿಕೊಟ್ಟೆ.

ಅಷ್ಟನ್ನೂ ಮಾಡುತ್ತಿದ್ದೆವು. ತಾರಸಿಗೆ ಬಿಳಿ ಬಣ್ಣ ಹೊಡೆಸಿದೆ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದೆ. ಬೆಳಕು ಹರಿಯುವ ಮೊದಲೇ ಮರಿಯನ್ನು ಕಪಾಲಿ ಗುಡಿಯ ಕೆರೆಯ ಸುತ್ತ ಒಂದು ಸುತ್ತು ಹಾಕಿಸಿ, ಹೂವಿನವರು ಬುಟ್ಟಿ ಇಳಿಸುವ ಹೊತ್ತಿಗೆ ಮನೆ ಸೇರುತ್ತಿದ್ದೆ. ಸಂಜೆ ಕರೆದುಕೊಂಡು ಹೋಗುವ ಮುಂಚೆ ರಸ್ತೆಗೆ ಕೈ ಒತ್ತಿ ನೋಡುತ್ತಿದ್ದೆ, ಕೈ ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು ಎಂದು. ನಮ್ಮ ನಲ್ಲಿಯಲ್ಲಿ ಹಗಲು ಹೊತ್ತು ಬರುವುದು ಕಾದ ನೀರು, ಮೇಲಿನ ಕಪ್ಪು ಟ್ಯಾಂಕಿನದು. ಅದಕ್ಕೇ ಅಮ್ಮ ಬೆಳಗಿನ ತಣ್ಣೀರನ್ನು ಹಿತ್ತಾಳೆಯ ಅಂಡೆಯಲ್ಲಿ ತುಂಬಿ ಒದ್ದೆ ಗೋಣಿ ಸುತ್ತಿ ಬಚ್ಚಲಲ್ಲಿ ಇಡುತ್ತಿದ್ದಳು. ಮಧ್ಯಾಹ್ನ ಅದೇ ನೀರಿನಲ್ಲಿ ಬಟ್ಟೆ ಅದ್ದಿ ಮರಿಯ ಹೊಟ್ಟೆ ಒರೆಸುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡದು ಏಸಿ. ತಮ್ಮನ ಕೋಣೆಯಲ್ಲಿ ಒಂದೇ ಒಂದು ಇತ್ತು. ಅಮ್ಮನಿಗೆ ಏಸಿಯ ಗಾಳಿ ಆಗದು, ಮಂಡಿ ಹಿಡಿದುಕೊಳ್ಳುತ್ತದೆ. ಮರಿಯಾದರೋ ಅಮ್ಮ ಇಲ್ಲದ ಕೋಣೆಯಲ್ಲಿ ಇರುವುದಿಲ್ಲ, ಬಾಗಿಲು ಕೆರೆಯುತ್ತದೆ. ಕೊನೆಗೆ ಅಮ್ಮ ಮೇ ತಿಂಗಳಲ್ಲಿ ಶಾಲು ಹೊದ್ದು, ಉಣ್ಣೆಯ ಕಾಲುಚೀಲ ಹಾಕಿಕೊಂಡು ಆ ಕೋಣೆಯಲ್ಲಿ ಕೂತಳು. ಊರೆಲ್ಲ ಬೇಯುತ್ತಿರುವಾಗ ನಮ್ಮಮ್ಮ ನಾಯಿಗೋಸ್ಕರ ಚಳಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು.

ಇಲ್ಲಿ ಬೇಸಿಗೆಯ ತುತ್ತತುದಿಯ ದಿನಗಳನ್ನು ಕತ್ತಿರಿ ಅನ್ನುತ್ತಾರೆ. ಆ ದಿನ ಕತ್ತಿರಿಯ ನಟ್ಟನಡುವೆ ಇತ್ತು. ನಾನು ಪೆರುಂಗುಡಿಯ ಆಫೀಸಿನಲ್ಲಿದ್ದೆ. ಬೆಳಿಗ್ಗೆ ನಾನು ಹೊರಟ ಸ್ವಲ್ಪ ಹೊತ್ತಿಗೇ ನಮ್ಮ ಬೀದಿಯ ಕೇಬಲ್ ಸುಟ್ಟು ಕರೆಂಟ್ ಹೋಗಿತ್ತು. ಇಂಥದಕ್ಕೆಂದೇ ಹಾಕಿಸಿದ್ದ ಇನ್ವರ್ಟರಿನಿಂದ ಫ್ಯಾನ್ ಮಾತ್ರ ತಿರುಗುತ್ತಿತ್ತು. ಅದೂ ನಿಂತ ಮೇಲೆ ಅಮ್ಮ ಫೋನ್ ಮಾಡಿದಳು. ಅವಳು ಸುಮ್ಮಸುಮ್ಮನೆ ಆಫೀಸಿಗೆ ಫೋನ್ ಮಾಡುವವಳಲ್ಲ.

"ಮರಿ ಏಳ್ತಾ ಇಲ್ಲ ಕಣೇ. ಮೂಚ್ಚು ಬಿಡಕ್ಕೆ ಕಷ್ಟ ಪಡ್ತಾ ಇದೆ, ಉಸಿರಿನ ಗೊರಗೊರ ಜೋರಾಗಿದೆ. ಒಸಡು ನೀನು ಹೇಳಿದ್ ಹಾಗೇ ಆಗಿದೆ. ಕೊಂಚ ಸೀಕ್ರ ಬಂದ್ಬಿಡು."

ಅಂಡೆಯ ನೀರು ಹಾಕುತ್ತಿರು, ಬಂದೆ ಎಂದು ಹೇಳಿ ಓಡಿದೆ. ರೈಲು ಬರಲು ತಡವಾಯಿತು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಮತ್ತೆ ಫೋನ್ ಮಾಡಿದರೆ ಅಮ್ಮ ಎತ್ತಲಿಲ್ಲ. ರೈಲಿನಲ್ಲಿ ಕೂತೂ ಮಾಡಿದೆ, ಎತ್ತಲಿಲ್ಲ.

ಅವಳು ಎತ್ತದಿದ್ದುದು ಏಕೆಂದು ಆಮೇಲೆ ತಿಳಿಯಿತು. ಅಂಡೆಯ ನೀರು ಮುಗಿದಿತ್ತು, ನಲ್ಲಿಯಲ್ಲಿ ಬಿಸಿನೀರು. ಕೆಳಗೆ ನೆಲದೊಳಗಿನ ಸಂಪಿನಲ್ಲಿ ನೀರು ತಣ್ಣಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಒಂದು ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯುವ ಅಮ್ಮ, ಮರಿಯನ್ನು ಒದ್ದೆ ಸೀರೆಯಲ್ಲಿ ಸುತ್ತಿ ಎದೆಗೆ ಹಾಕಿಕೊಂಡು, ಪ್ರತಿ ಮೆಟ್ಟಿಲ ಮೇಲೂ ಕೂತು ಕೂತು ಜಾರಿಕೊಂಡು ಕೆಳಗಿನವರೆಗೂ ಬಂದಿದ್ದಳು. ಕೆಳಮನೆಯ ಮಾಮಿ, ನಾಯಿ ಬೊಗಳುತ್ತದೆ ಎಂದು ನಮ್ಮ ಮೇಲೆ ಎಷ್ಟೋ ಸಲ ದೂರು ಹೇಳಿದವರು, ಸದ್ದಿಗೆ ಬಾಗಿಲು ತೆರೆದು ನೋಡಿ, ಏನೂ ಕೇಳದೆ ಸಂಪಿನ ಮುಚ್ಚಳ ಸರಿಸಿ ಬಕೆಟ್ ಇಳಿಬಿಟ್ಟರಂತೆ.

ನಾನು ಬಂದಾಗ ಇಬ್ಬರೂ ನೆಲದ ಮೇಲೆ ಕೂತಿದ್ದರು. ಮಾಮಿ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಅಮ್ಮನ ಸೀರೆಯೆಲ್ಲ ನೀರು, ಮಂಡಿ ತರಚಿತ್ತು. ಮರಿಯ ಕಣ್ಣು ತೆರೆದೇ ಇತ್ತು, ಆದರೆ ಅದು ನಮ್ಮನ್ನು ನೋಡುತ್ತಿರಲಿಲ್ಲ. ನಾಯಿಯನ್ನು ನೋಡಿ ಒಬ್ಬ ಆಟೋದವನು ನಿಲ್ಲಿಸಲಿಲ್ಲ, ಇನ್ನೊಬ್ಬ ಸೀಟ್ ಒದ್ದೆಯಾಗುತ್ತದೆ ಅಂದ. ಮಾಮಿ ಬೀದಿಗೆ ಇಳಿದು ಕೈ ಅಡ್ಡ ಹಿಡಿದು ಒಂದನ್ನು ನಿಲ್ಲಿಸಿದರು. ಅಮ್ಮನೂ ಹತ್ತಿದಳು. ಬೇಡ ಅನ್ನುವ ಧೈರ್ಯ ನನಗಾಗಲಿಲ್ಲ.

ವೈದ್ಯೆ ಡ್ರಿಪ್ ಹಾಕಿದರು, ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಮೈಯ ಕಾವು ಇಳಿಯಿತು. ಮರಿ ತಲೆ ಎತ್ತಿ ಅಮ್ಮನ ಬೆರಳಿನಿಂದ ನೀರು ನೆಕ್ಕಿತು. ನೀರು ಹಾಕುತ್ತಲೇ ಕರೆತಂದದ್ದು ಒಳ್ಳೆಯದಾಯಿತು, ನೀವು ಮಾಡಿದ್ದೆಲ್ಲ ಸರಿಯಾಗಿದೆ ಎಂದು ವೈದ್ಯೆ ತಮಿಳಿನಲ್ಲಿ ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಿದೆ. ತಮಿಳು ನನಗಿಂತ ಚೆನ್ನಾಗಿ ಬರುವ ಅಮ್ಮ, ಮೊದಲೇ ಕೇಳಿಸಿಕೊಂಡಿದ್ದರೂ ನನ್ನ ಬಾಯಿಂದ ಇನ್ನೊಮ್ಮೆ ಕೇಳಿದಳು. ತಮ್ಮ ಹೋದ ಮೇಲೆ ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ಅವತ್ತೇ ನೋಡಿದ್ದು. ಮನೆಗೆ ಬಂದಾಗ ಕರೆಂಟ್ ಬಂದಿತ್ತು. ಅಮ್ಮ ಸ್ನಾನ ಮಾಡಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಬೆಳಿಗ್ಗೆ ನೋಡಿದರೆ ಮರಿಯ ಹೊಟ್ಟೆಯ ಮೇಲೆಲ್ಲ ನೇರಳೆ ಬಣ್ಣದ ಚುಕ್ಕೆಗಳು. ಹಾಸಿದ್ದ ಬಟ್ಟೆಯಲ್ಲಿ ರಕ್ತ.

ಮತ್ತೆ ಓಡಿದೆವು. ಒಮ್ಮೆ ಮೈ ಅಷ್ಟು ಕಾದ ಮೇಲೆ ಹೊರಗೆ ತಣ್ಣಗಾದರೂ ಒಳಗಿನ ಅಂಗಗಳು ಒಂದೊಂದಾಗಿ ಸೋಲುತ್ತವಂತೆ. ಕೆಲವಕ್ಕೆ ಹಾಗಾಗುವುದಿಲ್ಲ, ಕೆಲವಕ್ಕೆ ಆಗುತ್ತದೆ, ಮೊದಲೇ ಹೇಳಲಾಗದು ಅಂದರು. ಮೂತ್ರ ನಿಂತಿತ್ತು. ರಕ್ತ ಹೆಪ್ಪುಗಟ್ಟುವುದು ನಿಂತಿತ್ತು. ನೋಡೋಣ ಎಂದು ಮತ್ತೆ ಡ್ರಿಪ್ ಹಾಕಿದರು. ಆ ನೋಡೋಣ ನನಗೆ ಗೊತ್ತಿರುವ ನೋಡೋಣವೇ ಆಗಿತ್ತು, ತಮ್ಮನಿದ್ದ ಆಸ್ಪತ್ರೆಯಲ್ಲಿ ಕೇಳಿದ್ದೆ.

ಅಮ್ಮನಿಗೆ ಮರಿಯ ಮೇಜಿನ ಪಕ್ಕದಲ್ಲೇ ಒಂದು ಸ್ಟೂಲ್ ಹಾಕಿಕೊಟ್ಟರು. ಅವತ್ತು, ಮರುದಿನ, ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಕೂತಳು. ಬೇರೆ ನಾಯಿಗಳು ಬಂದವು, ಬೆಕ್ಕುಗಳು ಬಂದವು, ಬಾಯಿ ತೆರೆದು ಏದುಸಿರು ಬಿಡುವ ಗಿಣಿಯೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದರು. ಅಮ್ಮ ತಿರುಗಿ ನೋಡಲಿಲ್ಲ. ಮರಿಯ ಮುಂಗಾಲು ಹಿಡಿದುಕೊಂಡೇ ಇದ್ದಳು. ಮನೆಗೆ ಹೋಗಿ ಸ್ವಲ್ಪ ಮಲಗು, ನಾನಿರುತ್ತೇನೆ ಎಂದು ಹೇಳಿದೆ.

"ಇಲ್ಲಿ ಕೂತ್ಕೊಳ್ಳಕ್ಕೆ ಬಿಟ್ರು," ಅಂದಳು. "ಅಲ್ಲಿ ಬಿಡ್ಲೇ ಇಲ್ಲ."

ಅಷ್ಟು ದಿನದಲ್ಲಿ ಆ ಆಸ್ಪತ್ರೆಯ ಬಗ್ಗೆ ಅವಳು ಆಡಿದ ಮಾತು ಅದೊಂದೇ. ನಾನು ಹೊರಗೆ ಹೋಗಿ ಬೀದಿಯಲ್ಲಿ ನಿಂತೆ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ, ಆದ್ದರಿಂದ ಅತ್ತರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಅದರ ಮರುದಿನ ಮರಿ ನರಳತೊಡಗಿತು. ವೈದ್ಯೆ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ನೋವು ಮಾತ್ರ ಉಳಿದಿದೆ, ಒಂದು ಇಂಜೆಕ್ಷನ್ನಿನಲ್ಲಿ ನಿದ್ದೆ ಮಾಡಿಸಬಹುದು, ಯೋಚಿಸಿ ಹೇಳಿ ಅಂದರು. ಪಕ್ಕಕ್ಕೆ ಅಂದರೆ ಆ ಚಿಕ್ಕ ಕೋಣೆಯಲ್ಲಿ ನಾಲ್ಕು ಅಡಿ ದೂರ. ಅಮ್ಮನಿಗೆ ಎಲ್ಲ ಕೇಳಿಸಿತ್ತು. ನಾನು ಬಂದು ಅವಳ ಮುಂದೆ ಕೂತೆ.

"ನನ್ ಕೈಲಿ ಹೇಳಕ್ಕಾಗಲ್ಲ," ಅಂದಳು. "ನೀನೇ ಹೇಳು. ನಾನು ಇಲ್ಲೇ ಇರ್ತೀನಿ, ಕೈ ಬಿಡಲ್ಲ."

ನಾನು ಹೇಳಿದೆ. ಅಮ್ಮ ಕೈ ಬಿಡಲಿಲ್ಲ. ಬಗ್ಗಿ ಅದರ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ಪ್ರಯತ್ನಿಸಲೂ ಇಲ್ಲ. ಗೊರಗೊರ ಸದ್ದು ಮೆಲ್ಲಗಾಯಿತು, ನಿಂತಿತು. ಚಿಕ್ಕಂದಿನಿಂದಲೂ ಮರಿ ಉಸಿರಾಡಿದ್ದೇ ಹಾಗೆ, ಸದ್ದಿನೊಂದಿಗೆ. ನಿದ್ದೆಯಲ್ಲೂ ಆ ಸದ್ದಿಲ್ಲದೆ ಒಂದು ಗಳಿಗೆಯೂ ಇದ್ದದ್ದಿಲ್ಲ.

ಹೂಳಲು ನಮಗೆ ಮಣ್ಣಿರಲಿಲ್ಲ. ನಮ್ಮ ಕಟ್ಟಡದ ಸುತ್ತ ಗೋಡೆಯವರೆಗೂ ಸಿಮೆಂಟು. ಕ್ಲಿನಿಕ್ಕಿನವರೇ ಗಾಡಿ ತರಿಸಿದರು. ಎಲ್ಲಿಗೆ ತೊಗೊಂಡ್ ಹೋಗ್ತಾರೆ ಎಂದು ಅಮ್ಮ ಕೇಳಿದಳು. ಊರ ಹೊರಗೆ ಜಾಗ ಇದೆಯಂತೆ ಅಂದೆ. ನೆರಳಿದೆಯಾ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಇದೆ ಅಂದೆ.

ನಾವು ಏನನ್ನಾದರೂ ಮರೆತಿದ್ದರೆ, ಯಾವುದಾದರೊಂದು ದಿನ ಸೋಮಾರಿತನ ಮಾಡಿದ್ದರೆ, ಈಗ ಅದನ್ನೇ ನೆನೆದು ಕೊರಗುತ್ತಿದ್ದೆ. ಕೊರಗಿಗೂ ಒಂದು ಹಿಡಿ ಬೇಕು, ನಮಗೆ ಅದೂ ಸಿಗಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದೆವು, ಬಿಸಿಲು ಅದಕ್ಕಿಂತ ಹೆಚ್ಚಿತ್ತು.

ಅಮ್ಮ ಆಮೇಲೆ ಏಸಿಯ ಕೋಣೆಗೆ ಕಾಲಿಡಲಿಲ್ಲ. ಮಂಚವನ್ನು ಹಾಲಿಗೆ ಹಾಕಿಸಿಕೊಂಡಳು, ತಾರಸಿಯ ಕಾವು ನೇರ ಇಳಿಯುವ ಜಾಗಕ್ಕೆ. ಕರೆದರೆ ಮಂಡಿ ನೋವು ಅನ್ನುತ್ತಾಳೆ, ಅದು ಸುಳ್ಳೂ ಅಲ್ಲ. ಮಾಮಿ ಒಂದೆರಡು ಸಲ ಮೇಲೆ ಬಂದು, ನಮ್ಮ ಮನೆ ತಂಪಾಗಿದೆ, ಹಗಲು ಅಲ್ಲೇ ಬಂದಿರಿ ಎಂದು ಕರೆದರು. ಅಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಇಳಿಯಲಾಗುವುದಿಲ್ಲ ಅಂದಳು. ಮರಿಗೋಸ್ಕರ ಆ ದಿನಗಳಲ್ಲಿ ಇಳಿದವಳು ಮತ್ತೆ ಇಳಿದೇ ಇಲ್ಲ.

ಈ ವರ್ಷ ಯುಗಾದಿಗೆ ಮೊದಲೇ ಸೆಖೆ ಶುರುವಾಯಿತು. ಹಿಂದಿನ ಬೀದಿಯಲ್ಲಿ ನೆಲಮಟ್ಟದ ಮನೆಯೊಂದು ಬಾಡಿಗೆಗೆ ಇದೆ ಎಂದು ಕೇಳಿ, ಹೋಗಿ ನೋಡಿ ಬಂದೆ. ಮುಂದೆ ಒಂದು ಬೇವಿನ ಮರ, ದಪ್ಪ ಗೋಡೆ, ಒಳಗೆ ಕಾಲಿಟ್ಟರೆ ನೆಲ ತಣ್ಣಗೆ. ಅಮ್ಮ ಕೀರೆ ಸೊಪ್ಪು ಬಿಡಿಸುತ್ತಿದ್ದಳು. ಹೋಗಿಬಿಡೋಣ ಅಮ್ಮ ಎಂದು ಕೇಳಿದೆ.

"ಇನ್ನು ಯಾರಿಗೋಸ್ಕರ ಹೋಗೋದು?"

ನಮಗೋಸ್ಕರ ಅಂದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು, ಬೇರೆ ಯಾರದೋ ಮನೆಯ ವಿಷಯ ಕೇಳಿದ ಹಾಗೆ. ಆಮೇಲೆ ದಂಟು ಮುರಿದು ಎಲೆಗಳನ್ನು ಮೊರಕ್ಕೆ ಹಾಕುತ್ತಾ ಹೋದಳು. ಆ ಮನೆಗೆ ಬೇರೆಯವರು ಬಂದರು.