ದೊಡ್ಡಪ್ಪನಿಗೆ ಮಾತ್ರ ಕೇಳಿಸಿದ ಚಟಪಟ

ದೊಡ್ಡಪ್ಪನ ಕಿವಿ ಕೆಟ್ಟಿರಲಿಲ್ಲ. ದೋಷವಿದ್ದದ್ದು ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಆ ದೋಷ ತಂದಿಟ್ಟವಳು ನಾನು. ಅದು ಗೊತ್ತಾದ ಮೇಲೂ ಆರು ವರ್ಷ ಸುಮ್ಮನಿದ್ದೆ. ಹೇಳಬೇಕಾದದ್ದು ಇಷ್ಟೇ — ಆದರೆ ಇಷ್ಟನ್ನೇ ಹೇಳಿ ಮುಗಿಸಿದರೆ ಮತ್ತೆ ಏನನ್ನೋ ಮುಚ್ಚಿಟ್ಟಂತಾಗುತ್ತದೆ.

ದೊಡ್ಡಪ್ಪ ನನ್ನ ತಂದೆಯ ಅಣ್ಣ. ಯಲಬುರ್ಗಾದ ಮನೆಯಲ್ಲಿ ನಮ್ಮ ಜೊತೆಯೇ ಇದ್ದಾರೆ. ಊರಿಗೆಲ್ಲ ಅವರು ಪೇಟಿ ಮಾಸ್ತರ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ನುಡಿಸುವುದಕ್ಕಿಂತ ಕೆಟ್ಟ ಪೇಟಿಗಳ ಸ್ವರ ಕೂಡಿಸುವುದರಲ್ಲಿ ಅವರ ಹೆಸರು. ಸುತ್ತಲಿನ ಭಜನಾ ಮಂಡಳಿಯವರು ಪೇಟಿಯನ್ನು ಬಸ್ಸಿನಲ್ಲಿ ಹಾಕಿಕೊಂಡು ಬರುತ್ತಿದ್ದರು. ದೊಡ್ಡಪ್ಪ ಒಳಗಿನ ಹಿತ್ತಾಳೆಯ ಪುಟ್ಟ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ಸಣ್ಣ ಅರದಿಂದ ಕೂದಲೆಳೆಯಷ್ಟು ಕೆರೆದು, ಮತ್ತೆ ಕೂಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಯಾವ ಯಂತ್ರವೂ ಇರಲಿಲ್ಲ. ಕಿವಿಯೇ ಅಳತೆ.

ನಾನು ಎಂ.ಎಸ್ಸಿ. ಮುಗಿಸಿ ಕೊಪ್ಪಳದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ಪಾಠ ಮಾಡಲು ಸೇರಿದ ವರ್ಷ ಮನೆಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬಂತು. ದೊಡ್ಡಪ್ಪನ ಗುರುಗಳು ನುಡಿಸಿದ್ದ ಹಳೆಯ ಕ್ಯಾಸೆಟ್ಟುಗಳನ್ನು ಅದಕ್ಕೆ ಇಳಿಸಿಕೊಟ್ಟೆ. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಹತ್ತಕ್ಕೆ, ಕೆಲಸಕ್ಕೆ ಕೂರುವ ಮುಂಚೆ, ಅರ್ಧ ಗಂಟೆ ಅದನ್ನು ಕೇಳುವುದು ಅವರ ರೂಢಿಯಾಯಿತು — ಕಿವಿ ಹದಕ್ಕೆ ಬರಲಿ ಎಂದು. ಅಷ್ಟೊತ್ತಿಗೆ ನಾನು ಕೊಪ್ಪಳದಲ್ಲಿರುತ್ತಿದ್ದೆ.

ಒಂದು ಸಂಜೆ ಅವರು ಹೇಳಿದರು, "ಯವ್ವಾ, ನಿನ್ನ ಕಂಪ್ಯೂಟರ್ ನಡುನಡುವ ಚಟಪಟ ಅಂತೈತಿ ನೋಡು. ಒಲಿಯಾಗ ಹಸಿ ಕಟ್ಟಿಗಿ ಸಿಡದಂಗ."

ಹಾಕಿ ಕೇಳಿದೆ. ಏನೂ ಇಲ್ಲ. ವೈರು ಬಿಚ್ಚಿ ಹಾಕಿದೆ, ಸ್ಪೀಕರ್ ಬದಲಿಸಿದೆ, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನೀರಿನಂತೆ ತಿಳಿಯಾಗಿತ್ತು. ಮರುದಿನ ಮತ್ತೆ ಅದೇ ದೂರು. "ನಿನ್ನಿ ಬಂದ ಜಾಗಾದಾಗ ಇವತ್ತ ಬರಲಿಲ್ಲ. ಬ್ಯಾರೆ ಕಡೆ ಬಂತು."

ಉತ್ತರ ಆ ಮಾತಿನಲ್ಲೇ ಇತ್ತು. ದೋಷ ಕ್ಯಾಸೆಟ್ಟಿನದಾದರೆ ಪ್ರತಿ ಸಲ ಒಂದೇ ಜಾಗದಲ್ಲಿ ಬರಬೇಕು. ಜಾಗ ಬದಲಾಗುತ್ತಿದೆ ಎಂದರೆ, ಹಾಡುವ ಹೊತ್ತಿನಲ್ಲೇ ಯಂತ್ರ ಇನ್ನೇನೋ ಕೆಲಸ ಮಾಡುತ್ತಿದೆ ಎಂದರ್ಥ. ವಿದ್ಯಾರ್ಥಿಗಳಿಗೆ ನಾನು ಕಲಿಸುತ್ತಿದ್ದದ್ದೇ ಇದು. ಆದರೆ ಆ ಸಂಜೆ ಮನೆಯವರೆಲ್ಲ ನನ್ನ ಮುಖ ನೋಡುತ್ತಿದ್ದರು. ಅವ್ವನನ್ನು ಕೇಳಿದರೆ, "ನನಗ ಮಿಕ್ಸರ್ ಸಪ್ಪಳ ಬಿಟ್ರ ಬ್ಯಾರೆ ಏನೂ ಕೇಳಸಂಗಿಲ್ಲವಾ" ಎಂದು ನಕ್ಕಳು. ನಾನು ನಗಲಿಲ್ಲ.

"ಕಂಪ್ಯೂಟರಿನಾಗ ಏನೂ ಇಲ್ರಿ ದೊಡ್ಡಪ್ಪ. ನಿಮ್ಮ ಕಿವಿ ಒಮ್ಮಿ ತೋರಿಸ್ಕೋರಿ."

ಅವರು ವಾದಿಸಲಿಲ್ಲ. ಓದಿದ ಹುಡುಗಿ ಹೇಳಿದ್ದಾಳಲ್ಲ. ಕೊಪ್ಪಳದಲ್ಲಿ ಡಾಕ್ಟರು ನೋಡಿ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಕಡಿಮೆಯಾಗಿದೆ, ಚಿಂತೆ ಬೇಡ ಎಂದರು. ಕಿವಿ ಕೆಟ್ಟಿದೆ ಎಂದು ನಂಬಲು ಅವರಿಗೆ ಅಷ್ಟು ಸಾಕಾಯಿತು.

ಮುಂದಿನ ವಾರ ಹನುಮಸಾಗರದಿಂದ ಒಬ್ಬರು ಪೇಟಿ ತಂದರು. ದೊಡ್ಡಪ್ಪ ಮುಚ್ಚಳ ಕೂಡ ತೆಗೆಯಲಿಲ್ಲ. "ಬ್ಯಾರೆ ಕಡೆ ಒಯ್ಯಪಾ. ನನ್ನ ಕಿವಿಗೆ ಇಲ್ಲದ್ದು ಕೇಳಸಾಕತ್ತೈತಿ."

"ಹಂಗಂದ್ರ ಹೆಂಗ್ರಿ ಮಾಸ್ತರ? ಈ ಪೇಟಿ ಹಿಡಕೊಂಡು ಭಜನಿ ಮಾಡಿದ್ರ ದೇವರ ಕಿವಿನೂ ಹೋಗತಾವು!"

ಎಲ್ಲರೂ ನಕ್ಕರು, ದೊಡ್ಡಪ್ಪನೂ ನಕ್ಕರು. ಪೇಟಿ ಬಂದ ಹಾಗೆಯೇ ಹೋಯಿತು. ಅದರ ನಂತರ ಅವರು ಯಾರ ಪೇಟಿಯನ್ನೂ ಬಿಚ್ಚಲಿಲ್ಲ.

ಎರಡು ತಿಂಗಳಾಗಿತ್ತು. ಜ್ವರ ಬಂದು ಒಂದು ದಿನ ಮನೆಯಲ್ಲೇ ಮಲಗಿದ್ದೆ. ಹತ್ತು ಗಂಟೆಗೆ ಪಡಸಾಲೆಯಲ್ಲಿ ಆ ಕ್ಯಾಸೆಟ್ಟಿನ ಪೇಟಿ ಶುರುವಾಯಿತು. ಒಂದು ದೀರ್ಘ ಸ್ವರದ ನಡುವೆ — ಚಟ್. ಮತ್ತೆ ಎರಡು ಸಲ — ಚಟ್, ಪಟ್.

ನನಗೂ ಕೇಳಿಸಿತು.

ಅವರು ಎದ್ದು ಹೋದ ಮೇಲೆ ನೋಡಿದೆ. ದಿನಾ ಹತ್ತಕ್ಕೆ ಆಂಟಿವೈರಸ್ ಇಡೀ ಕಂಪ್ಯೂಟರನ್ನು ಜಾಲಾಡುತ್ತಿತ್ತು. ಹಳೆಯ ಯಂತ್ರ, ಆ ಭಾರಕ್ಕೆ ಹಾಡಿನ ತುಣುಕುಗಳು ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿಲ್ಲ, ತಪ್ಪಿದಲ್ಲೆಲ್ಲ ಸಿಡಿಯುತ್ತಿತ್ತು. ಆ ಸಮಯ ಗೊತ್ತುಮಾಡಿದವಳು ನಾನೇ — ಸಂಜೆ ನನ್ನ ಕೆಲಸ ನಿಧಾನವಾಗಬಾರದೆಂದು. ಅದನ್ನು ಮಧ್ಯಾಹ್ನ ಎರಡಕ್ಕೆ ಸರಿಸಿದೆ. ಐದು ನಿಮಿಷವೂ ಹಿಡಿಯಲಿಲ್ಲ.

ಮರುದಿನವೂ ಜ್ವರವಿತ್ತು. ಅವರು ಕೇಳಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿದ್ದು, "ಈಗ ಹೆಂಗೈತ್ರಿ?" ಎಂದೆ.

ದೊಡ್ಡಪ್ಪ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. "ಈಗ ಆ ಚಟಪಟನೂ ಕೇಳಸವಲ್ದು ಯವ್ವಾ. ಕಿವಿ ಪೂರಾ ಹೋದಂಗ ಕಾಣತೈತಿ."

ಆಗ ಹೇಳಬೇಕಿತ್ತು. ಮಾತು ಬಾಯಿಗೆ ಬಂದಿತ್ತು ಕೂಡ, ಆದರೆ ನಾನು — "ಚಹಾ ಮಾಡ್ಲೇನ್ರಿ?" ಎಂದೆ.

ಆಮೇಲಿನ ಆರು ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅವರು ಬಿಟ್ಟ ಕೆಲಸವಲ್ಲ. ಗುಡಿಯಲ್ಲಿ ಯಾರಾದರೂ ಹಾಡುವಾಗ ಅವರು ನನ್ನ ಕಡೆ ಬಾಗಿ, "ಅವ ತಪ್ಪಿದ್ನೋ, ನನಗ ಹಂಗ ಕೇಳಿಸ್ತೋ?" ಎಂದು ಕೇಳುತ್ತಿದ್ದರು. ಸ್ವರದ ಗಂಧವಿಲ್ಲದ ನನ್ನನ್ನು ಕೇಳುತ್ತಿದ್ದರು. ನಾನು "ಸರಿ ಐತ್ರಿ" ಎನ್ನುತ್ತಿದ್ದೆ. ಅವರು ತಲೆಯಾಡಿಸಿ ನಂಬುತ್ತಿದ್ದರು.

ಕಳೆದ ತಿಂಗಳು ಹೇಳಿದೆ. ಶೇಂಗಾ ಸುಲಿಯುತ್ತಾ ಕುಳಿತಿದ್ದರು. ಏನನ್ನೂ ಬಿಡದೆ, ಆದ ಕ್ರಮದಲ್ಲೇ ಹೇಳಿದೆ. ಅವರ ಕೈ ನಿಂತಿತು.

"ಹಂಗಾದ್ರ ನಾ ಕೇಳಿದ್ದು ಖರೇನ ಇತ್ತು?"

"ಖರೇನ ಇತ್ರಿ."

"ಎಲ್ಲಾನೂ?"

"ಎಲ್ಲಾನೂ, ದೊಡ್ಡಪ್ಪ."

ಅವರು ಬೈಯಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಇದ್ದ ಉತ್ತರ ಒಂದೇ — ನನಗೆ ತಿಳಿಯಲಿಲ್ಲ ಎಂದು ಮನೆಯವರೆದುರು ಒಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ. ಅದನ್ನು ಕಾರಣ ಎನ್ನಲು ಬರುವುದಿಲ್ಲ. ಅವತ್ತೇ ಅಪ್ಪ ಅವ್ವನನ್ನು ಕರೆದು, ಅವರೆದುರೂ ಹೇಳಿದೆ. ಇನ್ನು ಮುಂದೆ ಯಾರು "ಮಾಸ್ತರ ಕಿವಿ ಹೋಗ್ಯಾವಂತಲ್ಲ" ಎಂದರೂ, ಅವರಿಗೂ ನಾನೇ ಹೇಳುತ್ತೇನೆ.

ಮೊನ್ನೆ ದೊಡ್ಡಪ್ಪ ಮನೆಯ ಪೇಟಿಯನ್ನು ಬಿಚ್ಚಿ ಕುಳಿತರು. ಒಂದು ಸ್ವರದ ಮನೆ ಒತ್ತಿ, ಕೇಳಿ, "ಇದು ತುಸು ಇಳದೈತಿ" ಎಂದರು — ನನ್ನನ್ನು ಕೇಳಲಿಲ್ಲ. ಪಟ್ಟಿ ತೆಗೆದು ಅರ ಹಿಡಿದರು. ಬೆರಳು ನಡುಗಿತು. ಎಡಗೈಯಿಂದ ಒತ್ತಿ ಹಿಡಿದು ಮತ್ತೆ ನೋಡಿದರು. ನಡುಕ ನಿಲ್ಲಲಿಲ್ಲ.

ಆರು ವರ್ಷದ ಹಿಂದೆ ಆ ಕೈ ನಡುಗುತ್ತಿರಲಿಲ್ಲ.