ತಂದೆ ಕಡೆಯ ಹೃದಯ

ವಯಸ್ಸಿನ ವಿಷಯದಲ್ಲಿ ನಾನು ಸುಳ್ಳು ಹೇಳುತ್ತೇನೆ. ನನ್ನದು ಹಾಗಿರಲಿ, ನಮ್ಮ ನಾಯಿಯ ವಯಸ್ಸನ್ನೂ ಮೂರು ವರ್ಷ ಇಳಿಸಿ ಹೇಳಿದವನು ನಾನು. ಕುಂದಾಪುರದ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಟೈಮ್‌ಕೀಪರ್ ಆಗಿದ್ದೆ. ಒಂದು ಬಸ್ಸು ಒಂದು ನಿಮಿಷ ತಡವಾಗಿ ಹೊರಟರೂ ಸೀಟಿ ಊದಿ, ಡ್ರೈವರನ ಕಿಟಕಿಗೆ ಬಡಿದು, ಊರೆಲ್ಲ ಕೇಳುವಂತೆ ಜಗಳವಾಡಿದ ಮನುಷ್ಯ. ನಿಮಿಷಗಳಿಗೆ ಅಷ್ಟು ನಿಯತ್ತಿನಿಂದಿದ್ದವನು ವರ್ಷಗಳ ವಿಷಯದಲ್ಲಿ ಯಾಕೆ ಹೀಗಾದೆನೋ, ನನಗೇ ತಿಳಿಯದು.

ನಾಯಿಯ ಹೆಸರು ಟೈಗರ್. ಗಾತ್ರದಲ್ಲಿ ಒಂದು ಬಿಳಿ ದಿಂಬು. ತ್ರಾಸಿಯಲ್ಲಿ ಹೆದ್ದಾರಿಗೆ ತಾಗಿದ ಮನೆ ನಮ್ಮದು. ಲಾರಿಗಳೆಲ್ಲ ತಾನು ಬೊಗಳಿದ್ದಕ್ಕೇ ಓಡುತ್ತಿವೆ ಎಂಬ ನಂಬಿಕೆಯಲ್ಲಿ ಟೈಗರ್ ಸುಖವಾಗಿದ್ದ. ಈ ಸಲ ಮಳೆ ಬಿಡುವ ಹೊತ್ತಿಗೆ ಬೊಗಳಿಕೆಯ ನಡುವೆ ಒಂದು ಕೆಮ್ಮು ಸೇರಿಕೊಂಡಿತು. ಮೀನಿನ ಮುಳ್ಳು ಸಿಕ್ಕಿರಬೇಕೆಂದು ನಾನು. ಅಲ್ಲವೆಂದು ನನ್ನ ಹೆಂಡತಿ ಸರೋಜ. ಮನೆಯಲ್ಲಿ ಕೊನೆಗೆ ಯಾರ ಮಾತು ನಡೆಯುತ್ತದೆಂದು ಹೇಳಬೇಕಾಗಿಲ್ಲ. ಒಂದು ಶನಿವಾರ ಟೈಗರನ್ನು ಕುಂದಾಪುರದ ಪಶುವೈದ್ಯೆಯ ಬಳಿಗೆ ಕರೆದುಕೊಂಡು ಹೋದೆವು. ಬ್ರಹ್ಮಾವರ ಕಡೆಯ ಹುಡುಗಿ, ಚುರುಕು, ಎಲ್ಲರೂ ಡಾಕ್ಟ್ರಮ್ಮ ಎಂದೇ ಕರೆಯುತ್ತಾರೆ.

ಅವರು ಚೀಟಿಯಲ್ಲಿ ಮೊದಲು ತುಂಬಿಸಿಕೊಂಡದ್ದು ಮೂರು ಸಂಗತಿ: ವಯಸ್ಸು, ಲಿಂಗ, ತಳಿ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಕೇಳುವುದು ಹೆಚ್ಚುಕಡಿಮೆ ಇವನ್ನೇ ಅಲ್ಲವೇ? ನಾನು ತಡವರಿಸದೆ ಹೇಳಿದೆ: ಎಂಟು ವರ್ಷ, ಗಂಡು, ಪಾಮೇರಿಯನ್. ಸರೋಜ ನನ್ನನ್ನು ಒಮ್ಮೆ ನೋಡಿದಳು. ಪರರೆದುರು ಗಂಡನ ಮರ್ಯಾದೆ ತೆಗೆಯಬಾರದೆಂದು ಟೈಗರನ ಕತ್ತುಪಟ್ಟಿ ಸರಿಮಾಡತೊಡಗಿದಳು.

ಈ ಉತ್ತರಗಳ ಹಿಂದಿನ ಕಥೆ ಹೇಳುತ್ತೇನೆ. ಟೈಗರ್ ಹುಟ್ಟಿದ್ದು ಉಪ್ಪುಂದದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ತಾಯಿ ರೂಬಿ ಅಪ್ಪಟ ಪಾಮೇರಿಯನ್. ತಂದೆ ಯಾರೆಂದು ಅಕ್ಕ ಬಾಯಿ ಬಿಡುವುದಿಲ್ಲವಾದರೂ ಪಕ್ಕದ ಮನೆಯ, ಕರುವಿನಷ್ಟು ದೊಡ್ಡ ಕಂದು ನಾಯಿಯ ಕಿವಿಗೂ ಟೈಗರನ ಕಿವಿಗೂ ಇರುವ ಹೋಲಿಕೆ ಕಡಲತೀರದವರಿಗೆಲ್ಲ ಗೊತ್ತು. ಆದರೆ ನಾವು ಅಳಿಯಸಂತಾನದವರು. ನಮ್ಮಲ್ಲಿ ಮಕ್ಕಳ ಬಳಿ (ಗೋತ್ರವಿದ್ದಂತೆ), ಕುಟುಂಬ ಎಲ್ಲವೂ ತಾಯಿಯ ಕಡೆಯಿಂದ. ತಂದೆ ಎಷ್ಟೇ ಪ್ರೀತಿಯವರಾದರೂ ಅವರ ಬಳಿ ಬೇರೆ, ನಮ್ಮದು ಬೇರೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ನಾಲಿಗೆ ಬದಲಾಗಿಲ್ಲ. ಹಾಗಾಗಿ ರೂಬಿಯ ಮಗ ಪಾಮೇರಿಯನ್ ಎಂದಾಗ ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ. ವಯಸ್ಸಿನದು ಮಾತ್ರ ಶುದ್ಧ ಸುಳ್ಳು. ಟೈಗರನಿಗೆ ಹನ್ನೊಂದು. ನಾಯಿಯ ಹನ್ನೊಂದೆಂದರೆ ಮನುಷ್ಯರ ಅರವತ್ತರ ಲೆಕ್ಕವೆಂದು ಎಲ್ಲೋ ಕೇಳಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದರೆ ನನ್ನದನ್ನೇ ಹೇಳಿದಂತಾಗುತ್ತಿತ್ತು.

ಡಾಕ್ಟ್ರಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಸಣ್ಣ ಸದ್ದೊಂದು ಇದೆ ಎಂದರು. "ಎಂಟೇ ವರ್ಷ ಅಲ್ದಾ, ಗಡಿಬಿಡಿ ಬ್ಯಾಡ. ಬೇಸ್ತವಾರ ಸ್ಕ್ಯಾನ್ ಮಾಡಿ ಕಾಂಬ. ಅಲ್ಲಿವರೆಗೆ ಅದ್ ಮನಿಕಂಡಾಗ ಉಸ್ರ್ ಲೆಕ್ಕ ಮಾಡಿ. ನಿಮಿಷಕ್ಕೆ ಮೂವತ್ತ್ ದಾಟಿರೆ ಕೂಡ್ಲೆ ಬನಿ."

ನಾವು ಹೊರಡುವ ಮೊದಲು ನನ್ನ ಪ್ರಶ್ನೆಗಳಿಗೆಲ್ಲ ಅವರು ತಾಳ್ಮೆಯಿಂದ ಉತ್ತರಿಸಿದರು. ಸಣ್ಣ ತಳಿಯ ನಾಯಿಗಳಿಗೆ ಮುದಿತನದಲ್ಲಿ ಹೃದಯದ ಕವಾಟ ದಪ್ಪಗಾಗಿ ಸೋರುತ್ತದಂತೆ, ಅದರಲ್ಲೂ ಗಂಡಿಗೆ ಹೆಚ್ಚು. ದೊಡ್ಡ ತಳಿಯವಕ್ಕೆ ಕವಾಟಕ್ಕಿಂತ ಹೃದಯದ ಸ್ನಾಯುವೇ ಸಡಿಲವಾಗುವುದು, ಅಲ್ಲೂ ಗಂಡೇ ಮುಂದು. ಹೆಣ್ಣುಮರಿಗಳಿಗೆ ಹುಟ್ಟುವಾಗಲೇ ಬರುವ ತೊಂದರೆ ಒಂದಿದೆಯಂತೆ. ಬೆಕ್ಕುಗಳಲ್ಲಿ ಹೃದಯದ ಗೋಡೆ ದಪ್ಪವಾಗುತ್ತದೆ, ಕೆಲವು ವಿದೇಶಿ ತಳಿಗಳಲ್ಲಿ ಇನ್ನೂ ಹೆಚ್ಚು. ಗಂಡುಬೆಕ್ಕಂತೂ ಕೊನೆಯ ದಿನದವರೆಗೂ ಏನೂ ಆಗಿಲ್ಲವೆಂಬಂತೆ ಕಿಟಕಿಯಲ್ಲಿ ಕೂತಿರುತ್ತದಂತೆ. ಆ ಗಂಡುಬೆಕ್ಕಿನ ಬಗ್ಗೆ ನನಗೆ ತುಂಬ ಗೌರವ ಮೂಡಿತು. ಸರೋಜ ಮತ್ತೊಮ್ಮೆ ನನ್ನನ್ನು ನೋಡಿದಳು.

ಮನೆಗೆ ಬಂದು ಹಳೆಯ ನೋಟುಪುಸ್ತಕವೊಂದನ್ನು ಹುಡುಕಿ ತೆಗೆದೆ. ಕೈಗಡಿಯಾರವಿತ್ತು, ಅಭ್ಯಾಸವಿತ್ತು. ಮಧ್ಯಾಹ್ನ ಊಟವಾದ ಮೇಲೆ ಟೈಗರ್ ಜಗಲಿಯ ತಂಪಿಗೆ ಹೊಟ್ಟೆ ಚಾಚಿ ಮಲಗುತ್ತಾನೆ. ಪಕ್ಕದಲ್ಲಿ ಕೂತು ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ಎಣಿಸಿದೆ. ಶನಿವಾರ ಇಪ್ಪತ್ತೆರಡು. ಭಾನುವಾರ ಇಪ್ಪತ್ತನಾಲ್ಕು. ಸೋಮವಾರ ಇಪ್ಪತ್ತೆಂಟು. ಒಂದು ನಿಮಿಷ ಇಷ್ಟು ಉದ್ದವೆಂದು ಬಸ್ ನಿಲ್ದಾಣದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಎಣಿಸಿ ಮುಗಿದ ಮೇಲೆ ನಾನೂ ಅಲ್ಲೇ ಚಾಪೆ ಹಾಕಿ ಮಲಗುತ್ತಿದ್ದೆ, ನಿದ್ದೆಯೇನೋ ಬರುತ್ತಿತ್ತು.

ಮಂಗಳವಾರ ನಲವತ್ತೊಂದು ಬಂತು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ನಲವತ್ತಮೂರು. ಟೈಗರ್ ಎದ್ದು ಕೂತು, ಮುಂಗಾಲುಗಳನ್ನು ಅಗಲಿಸಿ, ಕತ್ತು ಚಾಚಿ ಗಾಳಿ ಎಳೆಯತೊಡಗಿದ. ನಾಲಿಗೆಯ ಬಣ್ಣ ಬೇರೆಯಾಗಿತ್ತು. ಎತ್ತಿಕೊಂಡು ರಸ್ತೆಗೆ ಓಡಿದೆ, ಸರೋಜ ಹಿಂದೆಯೇ ಬಂದಳು. ಬೇಡದಾಗ ಮೂರು ಮೂರು ನಿಲ್ಲುವ ರಿಕ್ಷಾ ಆ ಹೊತ್ತಿಗೆ ಒಂದೂ ಇಲ್ಲ. ಬೈಂದೂರು ಕಡೆಯಿಂದ ಬರುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸಿಗೆ ಅಡ್ಡ ಬಿದ್ದಂತೆ ನಿಂತು ಕೈ ತೋರಿಸಿದೆ. ಬ್ರೇಕ್ ಹಾಕಿದವನು ನನ್ನ ಹಳೆಯ ವೈರಿ, ನಾನು ಎಷ್ಟೋ ಸಲ ಒಂದೊಂದು ನಿಮಿಷಕ್ಕೆ ನಿಲ್ಲಿಸಿ ಅಳಿಸಿದ ಡ್ರೈವರ್.

"ಹ್ವಾಯ್ ಟೈಮ್‌ಕೀಪರ್ರೆ, ಎಂತ ಆಯ್ತ್ ಮಾರಾಯ್ರೆ?" ಎಂದವನು ನಾಯಿಯನ್ನು ಕಂಡು ಬಾಗಿಲ ಕಡೆಗೆ ಕೈ ಬೀಸಿದ. "ಹತ್ತಿ, ಹತ್ತಿ. ಟೈಮ್ ಎಲ್ಲ ಕಡೆಗ್ ಕಾಂಬ."

ಹೆಮ್ಮಾಡಿ, ತಲ್ಲೂರು ಯಾವುದೂ ನನಗೆ ಕಾಣಿಸಲಿಲ್ಲ. ಸರೋಜ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ನಾನು ಎಣಿಸುತ್ತಿದ್ದೆ. ಐವತ್ತರ ಮೇಲೆ ಎಣಿಸುವುದು ಬಿಟ್ಟೆ, ಹೆದರಿಕೆಯಾಯಿತು.

ಡಾಕ್ಟ್ರಮ್ಮ ಎದೆ ಮುಟ್ಟಿದವರೇ ಮುಖ ಗಂಭೀರ ಮಾಡಿ, ಶ್ವಾಸಕೋಶಕ್ಕೆ ನೀರು ತುಂಬಿದೆ ಎಂದರು. ಮೂಗಿಗೆ ಆಮ್ಲಜನಕ ಹಿಡಿದು ಇಂಜೆಕ್ಷನ್ ಕೊಟ್ಟರು. ಕೈಕೆಲಸ ನಿಲ್ಲಿಸದೆಯೇ ಕೇಳಿದರು: "ಸಮ ಹೇಳಿ. ವಯಸ್ಸೆಷ್ಟ್?"

"ಹನ್ನೊಂದು," ಅಂದೆ. "ಮತ್ತೆ... ಅಪ್ಪ ಪಾಮೇರಿಯನ್ ಅಲ್ಲ. ದೊಡ್ಡ ನಾಯಿ."

"ಎಂತ ಮಾರಾಯ್ರೆ ನೀವು? ಹನ್ನೊಂದ್ ಅಂದಿರೆ ನಾನ್ ಬೇಸ್ತವಾರ್ದವರೆಗೆ ಕಾಯ್ತಿರ್ಲಿಲ್ಲೆ. ಅಪ್ಪನ್ನ ಯಾಕ್ ಬಿಟ್ರಿ?"

ನಮ್ಮಲ್ಲಿ ತಾಯಿ ಕಡೆಯಿಂದ ಲೆಕ್ಕವೆಂದು ಗೊಣಗಿದೆ. ಅವರಿಗೆ ನಗುವ ಹೊತ್ತು ಅದಾಗಿರಲಿಲ್ಲ. "ಹೃದಯಕ್ಕೆ ಅಳಿಯಸಂತಾನ ಗೊತ್ತಿಲ್ಲೆ. ಅದಕ್ಕೆ ಎರಡೂ ಕಡೆ ಬೇಕ್," ಎಂದು ನಮ್ಮನ್ನು ಹೊರಗಿನ ಬೆಂಚಿಗೆ ಕಳಿಸಿದರು.

ಆ ಬೆಂಚಿನ ಮೇಲೆ ನಾನು ಬಹಳ ಸಣ್ಣವನಾದೆ. ನನ್ನ ಜಂಭಕ್ಕೆ ಒಂದು ಮೂಕಪ್ರಾಣಿ ಒಳಗೆ ಉಸಿರಿಗೆ ಒದ್ದಾಡುತ್ತಿತ್ತು. ಅದರ ಜೊತೆಗೇ ಇನ್ನೊಂದು ವಿಷಯ ನೆನಪಾಯಿತು. ಎರಡು ತಿಂಗಳ ಹಿಂದೆ ಮೆಟ್ಟಿಲು ಹತ್ತುವಾಗ ಎದೆ ಬಿಗಿದಂತಾಗಿ ನಾನೊಬ್ಬನೇ ಒಬ್ಬ ಡಾಕ್ಟರರ ಬಳಿ ಹೋಗಿದ್ದೆ. ಅಲ್ಲೂ ಅವೇ ಪ್ರಶ್ನೆಗಳು. ಅರವತ್ತಮೂರನ್ನು ಐವತ್ತೆಂಟು ಮಾಡಿದ್ದೆ. ಕುಟುಂಬದಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದಾಗ ಅಜ್ಜಿ, ಅಮ್ಮ, ಸೋದರಮಾವಂದಿರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ, ಇಲ್ಲ ಎಂದಿದ್ದೆ. ಅಂಗಳದಲ್ಲಿ ಎದೆ ಹಿಡಿದು ಕೂತು, ನೀರು ತರುವುದರೊಳಗೆ ಹೋಗಿಬಿಟ್ಟಿದ್ದ ನನ್ನ ಅಪ್ಪ ಆ ಸಾಲಿನಲ್ಲಿ ಇರಲೇ ಇಲ್ಲ. ಅವರ ಬಳಿ ಬೇರೆಯಲ್ಲವೇ!

ಸಂಜೆಯ ಹೊತ್ತಿಗೆ ಟೈಗರನ ಉಸಿರು ಮೂವತ್ತೆರಡಕ್ಕೆ ಇಳಿಯಿತು. ಮರುದಿನವೇ ಸ್ಕ್ಯಾನ್ ಆಯಿತು. ಕವಾಟವೇ ಸೋರುತ್ತಿತ್ತು, ಸಣ್ಣ ತಳಿಯ ಮುದಿ ಗಂಡುನಾಯಿಗೆ ಬರುವಂಥದ್ದೇ. ಕೊನೆಗೂ ತಾಯಿ ಕಡೆಯದೇ ಗೆದ್ದಿತೆಂದು ನಾನು ಹೇಳಲಿಲ್ಲ, ಹೇಳುವ ಧೈರ್ಯವಿರಲಿಲ್ಲ. ದಿನಕ್ಕೆ ಎರಡು ಹೊತ್ತು ಗುಳಿಗೆ, ಬದುಕಿರುವಷ್ಟು ದಿನ. ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟ್ರಮ್ಮ ಗುಳಿಗೆಯ ಚೀಟಿಯನ್ನು ನನ್ನ ಕೈಗಿಟ್ಟು, ಎಣಿಸುವುದು ನಿಲ್ಲಿಸಬೇಡಿ ಎಂದರು.

ಮನೆಗೆ ಬಂದು ಮಧ್ಯಾಹ್ನ ಎಣಿಸಿದೆ, ಇಪ್ಪತ್ತಾರು. ಬರೆಯಲು ನೋಟುಪುಸ್ತಕ ತೆರೆದೆ. ಅವಸರದಲ್ಲಿ ಕೊನೆಯ ಪುಟ ಬಿಚ್ಚಿಕೊಂಡಿತು. ಅಲ್ಲಿ ಸರೋಜಳ ಗುಂಡಗಿನ ಅಕ್ಷರದಲ್ಲಿ ಇನ್ನೊಂದು ಪಟ್ಟಿ ಇತ್ತು. ಶನಿವಾರ ಹದಿನಾರು. ಭಾನುವಾರ ಹದಿನೇಳು. ಸೋಮವಾರ ಹತ್ತೊಂಬತ್ತು, ಪಕ್ಕದಲ್ಲಿ 'ನಡುವೆ ಒಮ್ಮೆ ನಿಂತಿತ್ತು' ಎಂದು ಸಣ್ಣದಾಗಿ.

"ಇದ್ ಯಾರ್ದ್?" ಎಂದೆ, ಗೊತ್ತಿದ್ದೂ.

ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಿಮ್ದೇ ಉಸ್ರ್. ಅದ್ ಮನಿಕಂಡಲ್ಲೇ ನೀವೂ ಮನಿಕಂತ್ರಿ. ಆ ಡಾಕ್ಟ್ರ್ ಚೀಟಿ ನಿಮ್ಮ್ ಅಂಗಿ ಕಿಸೆಯಗಿತ್ತ್, ಒಗುಕ್ ಹಾಕ್ವಾಗ ಸಿಕ್ಕ್ತ್. ನೀವ್ ಹೇಳುದಿಲ್ಲ, ನಾ ಮತ್ತೆಂತ ಮಾಡುದ್?"

ಮರುದಿನ ಇಬ್ಬರೂ ಆ ಡಾಕ್ಟರರ ಬಳಿಗೆ ಹೋದೆವು. ಹಳೆಯ ಚೀಟಿ ತಿದ್ದಬೇಕಿದೆ ಎಂದೆ. ವಯಸ್ಸು ಅರವತ್ತಮೂರು, ಅಪ್ಪ ಹೃದಯದಿಂದಲೇ ಹೋದದ್ದು. ಇಷ್ಟು ವರ್ಷಗಳ ಮೇಲೆ ಅಪ್ಪನನ್ನು ನನ್ನ ಕುಟುಂಬಕ್ಕೆ ಸೇರಿಸಿಕೊಂಡದ್ದು ಒಂದು ಆಸ್ಪತ್ರೆಯ ಚೀಟಿಯಲ್ಲಿ. ಮತ್ತೇನಾದರೂ ತಿದ್ದುವುದಿದೆಯೇ ಎಂದು ಡಾಕ್ಟರರು ಕೇಳಿದರು. ಲಿಂಗ ಎಂದಿದ್ದಲ್ಲಿ ಗಂಡು ಎಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಸರೋಜ ಹೇಳಿದಳು: "ಅದ್ ಸಮ ಇತ್ತ್. ಅದ್ಕೇ ಇಷ್ಟ್ ದಿನ ಬಾಯ್ ಬಿಡ್ಲಿಲ್ಲ."